ಹತ್ತನೇ ತಾರೀಕಿನ ಚಾ

ಉಚ್ಚಿಲ
9-7-1984

ದಿವಂಗತ ಭೋಜರವರಿಗೆ ರತ್ನಾವತಿ ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮವನ್ನೂ ವಿಚಾರಿಸುವುದು ಪದ್ಧತಿ. ಆದರೆ ಹನ್ನೆರಡೂವರೆ ವರ್ಷದ ಹಿಂದೆ ತೀರಿಕೊಂಡವರ ಕ್ಷೇಮವನ್ನು ಹೇಗೆ ವಿಚಾರಿಸಬೇಕೆಂದು ನಾನು ಓದಿದ ಎಂಟನೇ ಕ್ಲಾಸಿನವರೆಗೆ ಯಾವ ಮೇಷ್ಟ್ರೂ ಹೇಳಿಕೊಡಲಿಲ್ಲ. ಬಹುವಚನದಲ್ಲೇ ಬರೆಯುತ್ತಿದ್ದೇನೆ, ಗಮನಿಸಿರಬಹುದು. ಗಂಡ ಎಂಬ ಗೌರವಕ್ಕಲ್ಲ. ಸತ್ತವರಿಗೆ ಮರ್ಯಾದೆ ಕೊಡಬೇಕೆಂದು ನನ್ನ ತಾಯಿ ಕಲಿಸಿದ್ದಾರೆ, ಅದಕ್ಕೆ.

ನಿಮ್ಮ ಪತ್ರ ಕಳೆದ ಬುಧವಾರ ಬಂತು. ಯುದ್ಧದಲ್ಲಿ ನೀವು ಸಾಯಲಿಲ್ಲವಂತೆ, ಪಾಕಿಸ್ತಾನದವರು ಹಿಡಿದುಕೊಂಡು ಹೋಗಿ ಇಷ್ಟು ವರ್ಷ ಜೈಲಿನಲ್ಲಿ ಇಟ್ಟಿದ್ದರಂತೆ. ಎರಡು ತಿಂಗಳ ಹಿಂದೆ ಬಿಟ್ಟರಂತೆ. ಈಗ ಬೊಂಬಾಯಿಯ ದಾದರಿನಲ್ಲಿ ಗೆಳೆಯರೊಬ್ಬರ ಕೋಣೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದೀರಿ, ಚೌತಿಯೊಳಗೆ ಊರಿಗೆ ಬರುತ್ತೀರಿ. ಪೇಪರಿನವರೊಬ್ಬರು ನಿಮ್ಮ ಕಥೆ ಬರೆದುಕೊಳ್ಳಲು ಕಾದಿದ್ದಾರೆ. ತಲೆಗೆ ಪೆಟ್ಟು ಬಿದ್ದು ನೆನಪು ಕುಂದಿರುವುದರಿಂದ, ಯುದ್ಧದ ಕಾಲದಲ್ಲಿ ನೀವು ಬರೆದ ಪತ್ರಗಳನ್ನೂ ಟ್ರೈನಿಂಗ್ ಕ್ಯಾಂಪಿನ ಫೋಟೋವನ್ನೂ ರಿಜಿಸ್ಟರ್ ಮಾಡಿ ಕಳುಹಿಸಬೇಕು. ಊರಿನ ಹೆಸರು, ತಾರೀಕು ಎಲ್ಲ ಅದರಲ್ಲಿ ಉಂಟಲ್ಲ, ಪೇಪರಿನವರಿಗೆ ತಪ್ಪು ಹೇಳಬಾರದಲ್ಲ. ಕೊನೆಯ ಪುಟದಲ್ಲಿ ಇನ್ನೂ ಒಂದು ಮಾತು: ನೆರೆಮನೆಯ ನಫೀಸಮ್ಮನ ಮಗ ಉಸ್ಮಾನ್ ಜೈಲಿನಲ್ಲಿ ನಿಮ್ಮ ಪಕ್ಕದ ಕೋಣೆಯಲ್ಲೇ ಇದ್ದಾನೆ, ಜೀವಂತ ಇದ್ದಾನೆ, ಆ ಮುದುಕಿಗೆ ಈಗಲೇ ತಿಳಿಸು, ಸಂತೋಷಪಡಲಿ.

ಆ ಕೊನೆಯ ಮಾತೊಂದು ಇಲ್ಲದಿದ್ದರೆ ನಿಮ್ಮ ಪತ್ರವನ್ನು ಒಲೆಗೆ ಹಾಕಿ, ಅದರ ಮೇಲೆ ಅಕ್ಕಿಗೆ ನೀರು ಕಾಯಿಸಿ ಸುಮ್ಮನಿರುತ್ತಿದ್ದೆ. ಹನ್ನೆರಡು ವರ್ಷ ಸುಮ್ಮನಿದ್ದವಳಿಗೆ ಅದು ಕಷ್ಟವಲ್ಲ. ಈಗ ಬರೆಯುತ್ತೇನೆ. ನಿಮ್ಮ ನೆನಪು ಕುಂದಿದೆ ಎಂದಿರಲ್ಲ, ನನ್ನದು ಚೆನ್ನಾಗಿ ಉಂಟು.

ಮೊದಲು ಫೋಟೋದ ವಿಷಯ. 1970ರ ಫೆಬ್ರವರಿಯಲ್ಲಿ ನಿಮ್ಮ ಸೋದರಮಾವ ಅದನ್ನು ಕರ್ಚೀಫಿನಲ್ಲಿ ಸುತ್ತಿ ಕಾಪುವಿನ ನಮ್ಮ ಮನೆಗೆ ತಂದರು. ಹಿಂದೆ ಸಾಲಾಗಿ ಡೇರೆಗಳು, ಮುಂದೆ ಬಂದೂಕು ಹಿಡಿದು ನೀವು. ಹುಡುಗ ಮಿಲಿಟರಿ, ಬೆಳಗಾವಿಯಲ್ಲಿ ಟ್ರೈನಿಂಗ್ ಮುಗಿಸಿದ್ದಾನೆ ಎಂದರು. ಅಪ್ಪ ಅದನ್ನು ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದು ನೋಡಿದರು. ಕಾರ್ಕಳದ ಒಬ್ಬ ಮೇಷ್ಟ್ರ ಸಂಬಂಧ ಆಗ ಮಾತಿನಲ್ಲಿತ್ತು, ಅವರಿಗೆ ಅವತ್ತೇ ಬೇಡ ಎಂದು ಹೇಳಿ ಕಳುಹಿಸಿದರು. ನನಗೂ ಬೇಸರವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಹತ್ತೊಂಬತ್ತು ವರ್ಷದವಳಿಗೆ ಚಾಕ್‌ಪೀಸಿಗಿಂತ ಬಂದೂಕು ಚೆಂದ ಕಾಣುತ್ತದೆ.

ಮದುವೆಗೆ ನೀವು ಕಪ್ಪು ಟ್ರಂಕು ತಂದಿರಿ, ಮೇಲೆ ಬಿಳಿ ಪೇಯಿಂಟಿನಲ್ಲಿ ಹೆಸರು, ನಂಬರು. ಯೂನಿಫಾರಂ ತಂದಿರಲಿಲ್ಲ, ರಜೆಯಲ್ಲಿ ತರುವ ಹಾಗಿಲ್ಲ ಎಂದಿರಿ. ಇಪ್ಪತ್ತೆಂಟು ದಿನ ಇದ್ದು ಹೋದಿರಿ. ಆ ಇಪ್ಪತ್ತೆಂಟು ದಿನಗಳ ಬಗ್ಗೆ ನಾನು ಕೆಟ್ಟದ್ದು ಬರೆಯುವುದಿಲ್ಲ. ಒಳ್ಳೆಯದನ್ನೂ ಬರೆಯುವುದಿಲ್ಲ, ಅದನ್ನು ಓದಿ ಹಿಗ್ಗುವ ಭಾಗ್ಯ ನಿಮಗೆ ಬೇಡ.

ಆಮೇಲೆ ಪತ್ರಗಳು. ಒಟ್ಟು ಹನ್ನೊಂದು. ಮಿಲಿಟರಿಯ ಗುಟ್ಟು ಹೊರಗೆ ಹೋಗಬಾರದೆಂದು ಸೈನಿಕರ ಟಪಾಲೆಲ್ಲ ದಾದರಿನ ಒಂದು ವಿಳಾಸದಿಂದ ಬರುತ್ತದೆ, ಉತ್ತರವನ್ನೂ ಅಲ್ಲಿಗೇ ಬರೆಯಬೇಕು ಎಂದು ಮೊದಲ ಪತ್ರದಲ್ಲೇ ಬರೆದಿದ್ದಿರಿ. ನಂಬಿದೆವು. ಪತ್ರ ಬಂದ ದಿನ ನಮ್ಮ ಜಗಲಿಯಲ್ಲಿ ಹತ್ತು ಜನ ಸೇರುತ್ತಿದ್ದರು. ಅತ್ತೆಗೆ ಓದು ಬರುವುದಿಲ್ಲ, ಕನ್ನಡವೂ ಸರಿಯಾಗಿ ತಿಳಿಯುವುದಿಲ್ಲ. ನಾನು ಒಂದೊಂದೇ ಸಾಲು ಓದಿ ತುಳುವಿನಲ್ಲಿ ಹೇಳಬೇಕಿತ್ತು. ನೀವು ಹಿಮದಲ್ಲಿ ನಿಂತದ್ದು, ಗುಂಡು ಕಿವಿಯ ಪಕ್ಕ ಹೋದದ್ದು, ಕ್ಯಾಪ್ಟನ್ ಬೆನ್ನು ತಟ್ಟಿದ್ದು, ಎಲ್ಲವನ್ನೂ ಹೇಳಿದವಳು ನಾನು. ನಿಮ್ಮ ಸುಳ್ಳಿಗೆ ಈ ಊರಿನಲ್ಲಿ ಬಾಯಿಯಾದವಳು ನಾನು. ಅದರ ಉರಿ ಇನ್ನೂ ಆರಿಲ್ಲ.

ನಫೀಸಮ್ಮನ ಮನೆಯ ಪತ್ರಗಳನ್ನೂ ನಾನೇ ಓದುತ್ತಿದ್ದೆ. ಅವರ ಮನೆಯ ಬ್ಯಾರಿ ಮಾತಿನಲ್ಲಿ ಬರೆಯುವುದು ಉಸ್ಮಾನನಿಗೆ ಗೊತ್ತಿರಲಿಲ್ಲ, ಕನ್ನಡದಲ್ಲಿ ಬರೆಯುತ್ತಿದ್ದ, ತಾಯಿಗೆ ಆ ಅಕ್ಷರ ತಿಳಿಯದು. ಗಂಡ ತೀರಿದ ಮೇಲೆ ಆಕೆಗೆ ಇದ್ದದ್ದು ಅವನೊಬ್ಬನೇ. ಅವನ ಪತ್ರಗಳಲ್ಲಿ ಗುಂಡೂ ಇಲ್ಲ, ಹಿಮವೂ ಇಲ್ಲ. ಕಾಲು ಒಡೆದಿದೆ, ಮುಲಾಮು ಕೊಟ್ಟಿದ್ದಾರೆ. ರೊಟ್ಟಿ ತಿಂದು ಸಾಕಾಗಿದೆ. ಮನೆಯ ಮಾಡಿಗೆ ಮಳೆಗಾಲದ ಮೊದಲು ತೆಂಗಿನ ಹೊಸ ಮಡಲು ಹಾಕಿಸಿದೆಯಾ. ಇಷ್ಟೇ. ನಿಮ್ಮ ಪತ್ರದ ಎದುರು ಅವನದ್ದು ಸಪ್ಪೆ ಎಂದು ನಾನು ಮನಸ್ಸಿನಲ್ಲಿ ನಗುತ್ತಿದ್ದೆ. ಅವನ ಕ್ಯಾಂಪಿನ ಫೋಟೋ ಅವರ ಗೋಡೆಯಲ್ಲಿತ್ತು. ತಲೆ ಬೋಳಿಸಿ, ಕಿವಿ ಎರಡೂ ಹೊರಗೆ ಚಾಚಿ, ದೊಗಳೆ ಕಾಲರಿನಲ್ಲಿ ಕತ್ತು ಮುಳುಗಿ, ಹೆದರಿದ ಕಣ್ಣಿನ ಹುಡುಗ. ನಿಮ್ಮ ಫೋಟೋದಲ್ಲಿ ಟೋಪಿಯ ಹೊರಗೆ ಎಣ್ಣೆ ಹಚ್ಚಿದ ಗುಂಗುರು, ಕೆನ್ನೆಯ ಅರ್ಧದವರೆಗೆ ಕೃದಾ. ಮಿಲಿಟರಿಯವರು ನಿಮ್ಮ ಚೆಂದ ನೋಡಿ ಕೂದಲನ್ನು ಬಿಟ್ಟಿರಬೇಕು ಎಂದುಕೊಂಡಿದ್ದೆ. ನನ್ನಷ್ಟು ದಡ್ಡಿ ಈ ಕರಾವಳಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಈಗ 1971ರ ಡಿಸೆಂಬರಿಗೆ ಬನ್ನಿ. ಯುದ್ಧ ಶುರುವಾಗಿತ್ತು. ಹದಿನಾಲ್ಕನೇ ತಾರೀಕು ಪೋಸ್ಟ್‌ಮ್ಯಾನ್ ಕರುಣಾಕರರು ಎರಡು ಪತ್ರ ಒಟ್ಟಿಗೇ ತಂದರು, ನಮಗೊಂದು, ನಫೀಸಮ್ಮನಿಗೊಂದು. ಉಸ್ಮಾನನದ್ದು ನವೆಂಬರ್ ಕೊನೆಯಲ್ಲಿ ಬರೆದದ್ದು, ನಾಲ್ಕೇ ಸಾಲು. ನಿಮ್ಮದು ನಾಲ್ಕು ಪುಟ. ಅದರಲ್ಲಿ ನೀವು ಬರೆದದ್ದನ್ನು ಅಕ್ಷರ ಬಿಡದೆ ಇಲ್ಲಿ ಇಳಿಸುತ್ತೇನೆ, ನೆನಪು ಕುಂದಿದವರಿಗೆ ಉಪಯೋಗವಾಗಲಿ: “ಇಂದು ಹತ್ತನೇ ತಾರೀಕು ನಮ್ಮ ಉಸ್ಮಾನ್ ಸಿಕ್ಕಿದ. ಇಬ್ಬರೂ ಒಂದೇ ಮಗ್ಗಿನಲ್ಲಿ ಚಾ ಕುಡಿದೆವು. ನಗುತ್ತಾ ಇದ್ದ. ಅವನ ತಾಯಿಗೆ ಹೇಳು.”

ಹೇಳಿದೆ. ಓಡಿಹೋಗಿ ಹೇಳಿದೆ. ನಫೀಸಮ್ಮ ಆ ಸಾಲನ್ನು ನನ್ನಿಂದ ಐದಾರು ಸಲ ಓದಿಸಿದರು. ಚಾಕ್ಕೆ ಹಾಲು ಹಾಕಿದ್ದರೋ ಎಂದು ಕೇಳಿದರು. ಹಾಕಿರುತ್ತಾರೆ ಎಂದು ನಾನೇ ಸೇರಿಸಿದೆ. ನೋಡಿ, ಸುಳ್ಳು ಎಷ್ಟು ಬೇಗ ಅಂಟುತ್ತದೆ.

ಆ ತಿಂಗಳು ಎಲ್ಲ ಪತ್ರಕ್ಕೂ ನಿರಾಶ್ರಿತರಿಗಾಗಿ ಐದು ಪೈಸೆಯ ಇನ್ನೊಂದು ಸ್ಟಾಂಪು ಹಚ್ಚಬೇಕೆಂದು ಸರ್ಕಾರ ಮಾಡಿತ್ತು. ನಿಮ್ಮ ಪತ್ರದಲ್ಲಿ ಅದು ಇತ್ತು. ಉಸ್ಮಾನನ ಪತ್ರದಲ್ಲಿ ಅದೂ ಇಲ್ಲ, ಬೇರೆ ಸ್ಟಾಂಪೂ ಇಲ್ಲ. ಹುಡುಗ ಮರೆತಿದ್ದಾನೆ, ಪಾಪ ನಫೀಸಮ್ಮನಿಂದ ದಂಡ ತೆಗೆದುಕೊಳ್ಳುತ್ತಾರೋ ಎಂದು ನನಗೆ ಹೆದರಿಕೆ. ಮರುದಿನ ಗೇಟಿನಲ್ಲಿ ಎರಡು ಪತ್ರವನ್ನೂ ಹಿಡಿದುಕೊಂಡು ಕರುಣಾಕರರನ್ನು ಕೇಳಿದೆ. ಅವರು ಸೈಕಲಿಗೆ ಸ್ಟ್ಯಾಂಡ್ ಹಾಕಿದರು. ಎರಡನ್ನೂ ತಿರುಗಿಸಿ ನೋಡಿ ಹಾಗೆಯೇ ಹಿಂದೆ ಕೊಟ್ಟರು. ನಾನು ಬಿಡಲಿಲ್ಲ.

“ಯುದ್ಧದ ಜಾಗದಿಂದ ಬರುವ ಕಾಗದಕ್ಕೆ ಸ್ಟಾಂಪು ಬೇಡ” ಎಂದರು. “ಉಸ್ಮಾನನದ್ದು ಸರಿಯಾಗಿಯೇ ಉಂಟು. ಇದು ದಾದರಿನಲ್ಲಿ ಡಬ್ಬಕ್ಕೆ ಹಾಕಿದ್ದು. ಇಷ್ಟು ದಿನ ಬಂದದ್ದೂ ಹಾಗೆಯೇ. ನಾನು ಯಾರಲ್ಲಿಯೂ ಹೇಳಲಿಲ್ಲ, ಹೇಳುವುದೂ ಇಲ್ಲ.”

ಅವತ್ತು ಮಧ್ಯಾಹ್ನ ಒಳಗೆ ಹೋಗಿ ನಿಮ್ಮ ಫೋಟೋವನ್ನು ಕನ್ನಡಿಯ ಪಕ್ಕದಿಂದ ತೆಗೆದು ಕಿಟಕಿಯ ಹತ್ತಿರ ಹಿಡಿದೆ. ಡೇರೆಗಳು ಸ್ಟುಡಿಯೋದ ಪರದೆಯ ಮೇಲೆ ಬರೆದದ್ದು. ಒಂದು ಡೇರೆಯ ಮೇಲೆ ಪರದೆಯ ಮಡಿಕೆ ಕಾಣುತ್ತಿತ್ತು. ಬೂಟು ನಿಮ್ಮ ಕಾಲಿಗಿಂತ ದೊಡ್ಡದು, ಲೇಸು ಕಟ್ಟಿರಲಿಲ್ಲ. ನನ್ನ ಅಪ್ಪ ಅಂಗಳದ ಬಿಸಿಲಿನಲ್ಲಿ ನೋಡಿ ಮಗಳನ್ನು ಕೊಟ್ಟ ಫೋಟೋ ಅದು.

ಆದರೂ ನಾನು ಅವತ್ತು ನಿಮ್ಮನ್ನು ಸಾಯಿಸಲಿಲ್ಲ. ಅತ್ತು ಮುಗಿಸಿದ ಮೇಲೆ, ಯಾವುದೋ ಕಷ್ಟದಲ್ಲಿ ಹೀಗೆ ಮಾಡಿರಬಹುದು, ಬಂದಾಗ ಕೇಳುವ ಎಂದುಕೊಂಡೆ. ಹೆಂಡತಿಯ ಬುದ್ಧಿ ಹಾಗೆಯೇ ಓಡುತ್ತದೆ. ಇಪ್ಪತ್ತೆರಡನೇ ತಾರೀಕು ನಫೀಸಮ್ಮನಿಗೆ ಟೆಲಿಗ್ರಾಂ ಬಂತು. ಕರುಣಾಕರರೇ ಓದಿ ಹೇಳಿದರು: ಉಸ್ಮಾನ್ ಆರನೇ ತಾರೀಕಿನಿಂದ ಕಾಣೆಯಾಗಿದ್ದಾನೆ. ನಫೀಸಮ್ಮ ಅಳಲಿಲ್ಲ. ನನ್ನನ್ನು ಕರೆಸಿದರು. ಜನರ ಎದುರು ನನ್ನ ಕೈ ಹಿಡಿದು, “ಆರಕ್ಕೆ ಕಾಣೆಯಾದವನು ಹತ್ತಕ್ಕೆ ಚಾ ಕುಡಿದಿದ್ದಾನಲ್ಲ ಮಗಳೇ, ನೀನೇ ಓದಿದ್ದಲ್ವಾ, ಇವರಿಗೆ ಹೇಳು” ಎಂದರು.

ನಾನು ಹೌದು ಎಂದೆ.

ಆ ಹೌದು ಎಂಬ ಮಾತಿಗೆ ನಾನು ನಿಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ನನಗೆ ಮೋಸ ಮಾಡಿದಿರಿ, ಅದು ನನ್ನ ನಿಮ್ಮ ವಿಷಯ. ನಿಮ್ಮ ಪತ್ರಕ್ಕೆ ಒಂದಿಷ್ಟು ರುಚಿ ಬರಲಿ ಎಂದು ಒಬ್ಬಳ ಮಗನನ್ನು ತೆಗೆದು ಅದಕ್ಕೆ ಒಗ್ಗರಣೆ ಹಾಕಿದಿರಲ್ಲ, ಅದಕ್ಕೆ ನಿಮ್ಮನ್ನು ಸಾಯಿಸಬೇಕೆಂದು ತೀರ್ಮಾನ ಮಾಡಿದೆ. ಅದರ ಮೇಲೆ ನಫೀಸಮ್ಮ, ಭೋಜನಿಗೆ ಬರೆ, ಉಸ್ಮಾನನನ್ನು ಎಲ್ಲಿ ಕಂಡ, ಅವನು ಯಾವ ಕಡೆ ಹೋದ ಎಂದು ಕೇಳು ಎಂದು ದಿನಾ ಹೇಳುತ್ತಿದ್ದರು. ಬರೆದರೆ ನೀವು ಇನ್ನೆರಡು ಪುಟ ಹೊಸೆದು ಕಳುಹಿಸುತ್ತೀರಿ ಎಂದು ನನಗೆ ಗೊತ್ತಿತ್ತು.

ಜನವರಿ ಎಂಟಕ್ಕೆ ನಿಮ್ಮ ಹನ್ನೊಂದನೆಯ ಪತ್ರ ಬಂತು. ತೊಡೆಗೆ ಸಣ್ಣ ಗಾಯ, ಆಸ್ಪತ್ರೆಯಲ್ಲಿದ್ದೇನೆ, ಈ ವರ್ಷ ರಜೆ ಸಿಗುವುದಿಲ್ಲ ಎಂದು ಬರೆದಿದ್ದಿರಿ. ಜಗಲಿಯಲ್ಲಿ ಅತ್ತೆ ಕೂತಿದ್ದರು, ನಿಮ್ಮ ಸೋದರಮಾವ ಇದ್ದರು, ನೆರೆಯವರು ನಾಲ್ಕು ಜನ. ನಾನು ಪತ್ರ ಬಿಡಿಸಿ, ಇದು ಅವರ ಕ್ಯಾಪ್ಟನ್ ಬರೆಸಿದ್ದು ಎಂದೆ. ನಿಮ್ಮನ್ನು ಎಲ್ಲಿ, ಹೇಗೆ ಸಾಯಿಸುವುದೆಂದು ಮೂರು ದಿನ ಯೋಚಿಸಿದ್ದೆ. ಮೊದಲು ಓಡುವಾಗ ಬೆನ್ನಿಗೆ ಗುಂಡು ಎಂದು ಮಾಡಿಕೊಂಡಿದ್ದೆ, ನಿಮಗೆ ಅದೇ ಸರಿ. ಅತ್ತೆಯ ಮುಖ ನೋಡಿ ಎದೆಗೆ ಹಾಕಿದೆ. ಒಂದು ಸೇತುವೆಯ ಹತ್ತಿರ, ಬೆಳಗಿನ ಹೊತ್ತು, ನೋವಾಗಲಿಲ್ಲ, ಶರೀರವನ್ನು ಅಲ್ಲಿಯೇ ಸಕಲ ಮರ್ಯಾದೆಯಿಂದ ಸುಟ್ಟರು ಎಂದು ಓದಿದೆ. ಓದುತ್ತಾ ಹೋದಂತೆ ನನಗೆ ಎಂಥ ಸಮಾಧಾನವಾಯಿತೆಂದರೆ, ಅದನ್ನು ಇವತ್ತಿಗೂ ನೆನೆದು ಹೆದರುತ್ತೇನೆ.

ಬಳೆ ಒಡೆದೆ. ಹದಿಮೂರನೇ ದಿನ ಬೊಜ್ಜ ಆಯಿತು. ನಿಮ್ಮ ಫೋಟೋಕ್ಕೆ ಹಾರ ಹಾಕಿ ಅದರೆದುರು ಇಡೀ ಊರು ಊಟ ಮಾಡಿತು. ಸರ್ಕಾರದಿಂದ ಏನೂ ಬರಲಿಲ್ಲವೇ ಎಂದು ಕೇಳಿದವರಿಗೆ, ನಾನು ಬರೆಯುವುದೂ ಇಲ್ಲ, ಕೇಳುವುದೂ ಇಲ್ಲ ಎಂದೆ. ಅದನ್ನೂ ಊರವರು ದೊಡ್ಡತನ ಎಂದು ಹೊಗಳಿದರು. ಯುವಕ ಮಂಡಲದವರು ನಿಮ್ಮ ಫೋಟೋವನ್ನು ತಮ್ಮ ಹಾಲಿನಲ್ಲಿ ತೂಗು ಹಾಕಿದರು. ಹನ್ನೆರಡು ವರ್ಷ ಪ್ರತಿ ಆಗಸ್ಟ್ ಹದಿನೈದಕ್ಕೆ ಮಕ್ಕಳು ಆ ಸ್ಟುಡಿಯೋದ ಪರದೆಗೆ ಸಲ್ಯೂಟ್ ಹೊಡೆದಿದ್ದಾರೆ. ಉಸ್ಮಾನನ ಫೋಟೋವನ್ನೂ ಕೇಳಿದರು, ನಫೀಸಮ್ಮ ಕೊಡಲಿಲ್ಲ. ಹಾರ ಹಾಕುವ ಜಾಗದಲ್ಲಿ ನನ್ನ ಮಗನನ್ನು ಇಡಬೇಡಿ ಎಂದರಂತೆ. ನಿಜವಾದ ಸೈನಿಕ ಗೋಡೆಗೆ ಹೋಗಲಿಲ್ಲ, ನೀವು ಹೋದಿರಿ. ಅದರ ಪಾಪ ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಬೊಜ್ಜದ ಮರುದಿನ ನಫೀಸಮ್ಮ ನನ್ನನ್ನು ನೋಡಲು ಬಂದರು. ನನ್ನ ಬರಿ ಕೈ ಸವರಿ, ನಿನ್ನ ಗಂಡ ಸಾಯುವ ಮುಂಚೆ ನನ್ನ ಮಗನಿಗೆ ಚಾ ಕೊಟ್ಟ, ಅವನಿಗೆ ಸ್ವರ್ಗ ಸಿಗಲಿ ಎಂದು ಅತ್ತರು. ನಾನೂ ಅತ್ತೆ. ಅವರ ಕಣ್ಣೀರು ಅಸಲು, ನನ್ನದು ಯಾವುದೆಂದು ನನಗೆ ಈಗಲೂ ತಿಳಿಯದು.

ನಿಮ್ಮ ನಿಜವಾದ ಚರಿತ್ರೆ ಮುಂದಿನ ವರ್ಷ ಸಿಕ್ಕಿತು. ಕಾರ್ಕಳದ ಅಲೆಕ್ಸ್ ಎಂಬವರು ನೆನಪಿರಬಹುದು, ಬೆಳಗಾವಿಗೆ ನಿಮ್ಮ ಜೊತೆಯಲ್ಲೇ ಹೋದವರು. ಅವರು ರಜೆಯಲ್ಲಿ ಬಂದಾಗ ಕರುಣಾಕರರು ಉಪಾಯವಾಗಿ ಮಾತಿಗೆ ಎಳೆದರು. ನೀವು ಹತ್ತೊಂಬತ್ತನೇ ದಿನ ಕ್ಯಾಂಪಿನಿಂದ ಓಡಿಹೋದದ್ದು, ಬೆಳಗಿನ ಓಟ ಆಗುವುದಿಲ್ಲ ಎಂದು ಅಳುತ್ತಿದ್ದದ್ದು, ಮತ್ತೆ ದಾದರಿನ ಒಂದು ಮಿಲ್ಲಿನ ಕ್ಯಾಂಟೀನಿನಲ್ಲಿ ಅವರಿಗೇ ಬಟಾಟೆ ವಡೆ ತಂದಿಟ್ಟದ್ದು, ಎಲ್ಲ ತಿಳಿಯಿತು. ಒಬ್ಬ ಹೆಂಗಸಿನ ಜೊತೆ ಸಂಸಾರ ಹೂಡಿದ್ದೂ ತಿಳಿಯಿತು. ಓಡಿ ಬಂದದ್ದಕ್ಕೆ ನಾನು ನಗುವುದಿಲ್ಲ. ಎಲ್ಲರ ಕಾಲೂ ಒಂದೇ ಹಾಗಿರುವುದಿಲ್ಲ. ಊರಿಗೆ ಬಂದು, ಆಗಲಿಲ್ಲ ಮಾರಾಯ್ತಿ ಎಂದು ಹೇಳಿದ್ದರೆ ನಿಮ್ಮ ಜೊತೆ ಗಂಜಿ ಕುಡಿದು ಇರುತ್ತಿದ್ದೆ. ನೀವು ಸತ್ತ ಸುದ್ದಿ ನಿಮ್ಮ ಕಿವಿಗೂ ಬಿದ್ದಿತ್ತೆಂದು ಅಲೆಕ್ಸ್ ಹೇಳಿದರು. ಕಾಪುವಿನ ಯಾರೋ ಹೇಳಿದಾಗ ನೀವು ನಕ್ಕಿರಂತೆ. ನಿಮಗೂ ಅದರಿಂದ ಅನುಕೂಲವೇ ಆಯಿತು, ಸತ್ತವನನ್ನು ಯಾರೂ ಊರಿಗೆ ಕರೆಯುವುದಿಲ್ಲ. ತಾಯಿ ಹೇಗಿದ್ದಾರೆ ಎಂದು ಮಾತ್ರ ಒಂದು ಕಾರ್ಡು ಕೂಡ ಬರೆಯಲಿಲ್ಲ. ಈಗ ಮಿಲ್ಲುಗಳಿಗೆ ಬೀಗ ಬಿದ್ದಿದೆ, ಆ ಹೆಂಗಸೂ ಹೊರಗೆ ಹಾಕಿರಬೇಕು. ಅದಕ್ಕೆ ಪಾಕಿಸ್ತಾನದ ಜೈಲು ನೆನಪಾಗಿದೆ.

ಕವರಿನ ಮೇಲೆ ಶ್ರೀಮತಿ ರತ್ನಾವತಿ ಭೋಜ ಎಂದು ಬರೆದಿದ್ದೀರಿ. ಆ ಹೆಸರಿನವರು ಈ ವಿಳಾಸದಲ್ಲಿ ಇಲ್ಲ. ನಮ್ಮಲ್ಲಿ ಗಂಡ ತೀರಿದವಳಿಗೆ ಬುಡುದಾರೆ ಉಂಟೆಂದು ನೀವು ಮರೆತಿರಬೇಕು. ಚಪ್ಪರ ಬೇಡ, ವಾಲಗ ಬೇಡ, ಹಿರಿಯರೆದುರು ಸೀರೆ ಕೊಟ್ಟು ಕೈ ಹಿಡಿದರೆ ಎರಡನೇ ಮದುವೆ ಆಯಿತು. 1974ರ ಮೇ ತಿಂಗಳಲ್ಲಿ ನನ್ನ ಬುಡುದಾರೆ ಆಯಿತು. ನಿಮ್ಮ ಪತ್ರವನ್ನು ತಂದು ನನ್ನ ಕೈಗೆ ಕೊಟ್ಟ ಪೋಸ್ಟ್‌ಮ್ಯಾನ್ ಕರುಣಾಕರರೇ ನನ್ನ ಗಂಡ. ನನ್ನ ಕೈಯನ್ನು ಅವರ ಕೈಯಲ್ಲಿ ಇಟ್ಟವರು ನಿಮ್ಮ ತಾಯಿ. ಮಗನಿಲ್ಲದ ಮನೆಗೆ ಇವನೇ ಮಗನಾಗಲಿ, ನೀವಿಬ್ಬರೂ ಇಲ್ಲಿಯೇ ಇರಿ ಎಂದವರೂ ಅವರೇ. ವಾರಿಜ ಎಂದು ನಮಗೊಬ್ಬಳು ಮಗಳು, ಎಂಟು ವರ್ಷ. ಅಜ್ಜಿಯ ತೊಡೆಯಲ್ಲೇ ಬೆಳೆದವಳು. ಕರುಣಾಕರರ ಮೇಲೆ ಮನಸ್ಸು ಆ ಗೇಟಿನ ದಿನವೇ ಬಂದಿತ್ತೋ, ನಿಮ್ಮನ್ನು ಸಾಯಿಸಿದ್ದರಲ್ಲಿ ಅದರ ಪಾಲೂ ಇತ್ತೋ ಎಂದು ನೀವು ಕೇಳಬಹುದು. ಕೇಳಿ. ಉತ್ತರ ಬರೆಯುವುದಿಲ್ಲ.

ಉಡುಪಿಯ ಒಬ್ಬ ವಕೀಲರಲ್ಲಿ ಕೇಳಿದ್ದಾಯಿತು. ನೀವು ಬದುಕಿರುವುದು ನಿಜವಾದರೆ ನನ್ನ ಮದುವೆ ಮದುವೆಯೇ ಅಲ್ಲವಂತೆ. ವಾರಿಜಳನ್ನು ಶಾಲೆಯಲ್ಲಿ ಮಕ್ಕಳು ಏನೆಂದು ಕರೆಯುತ್ತಾರೆಂದು ನಾನು ಬಿಡಿಸಿ ಬರೆಯಬೇಕಾಗಿಲ್ಲ. ಕರುಣಾಕರರ ಕೆಲಸಕ್ಕೂ ಕುತ್ತು ಬರಬಹುದು. ಇಷ್ಟೂ ನಿಮ್ಮ ಕೈಯಲ್ಲಿ ಉಂಟು, ಒಪ್ಪುತ್ತೇನೆ. ಬಸ್ಸಿನಿಂದ ಇಳಿದು ಜಗಲಿಯಲ್ಲಿ ಕೂತರೆ ಸಾಕು, ನನ್ನ ಸಂಸಾರ ಮುಗಿಯಿತು. ಬುಧವಾರದಿಂದ ಮೂರು ದಿನ ನನಗೆ ಅನ್ನ ಇಳಿಯಲಿಲ್ಲ. ನಿಮ್ಮ ಪತ್ರಗಳನ್ನೆಲ್ಲ ಕಳುಹಿಸಿ, ಕೈಮುಗಿದು, ಬರಬೇಡಿ ಎಂದು ಬೇಡಿಕೊಳ್ಳುವ ಎಂದೂ ಅನಿಸಿತು. ಆದರೆ ಆ ಕೊನೆಯ ಪುಟ.

ನಫೀಸಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಕಣ್ಣು ಮಂಜು. ಉಸ್ಮಾನ್ ತೀರಿಹೋದನೆಂದೇ ತಿಳಿಯಬೇಕೆಂದು ಮಿಲಿಟರಿಯವರು ಬರೆದು ಹನ್ನೊಂದು ವರ್ಷವಾಯಿತು. ಆಕೆ ಒಪ್ಪಿಲ್ಲ. ಸತ್ತವರಿಗೆ ಓದಿಸುವ ಫಾತಿಹಾವನ್ನು ಅವನ ಹೆಸರಿನಲ್ಲಿ ಓದಿಸಲು ಇವತ್ತಿನವರೆಗೆ ಬಿಟ್ಟಿಲ್ಲ. ಯಾರು ಏನು ಹೇಳಿದರೂ ಹತ್ತನೇ ತಾರೀಕು ಚಾ ಕುಡಿದಿದ್ದಾನಲ್ಲ ಎನ್ನುತ್ತಾರೆ. ಆ ಚಾದ ಮೇಲೆ ಈಗ ನೀವು ಜೈಲು ಕಟ್ಟಲು ಹೊರಟಿದ್ದೀರಿ. ನೀವು ಬಂದರೆ ಆ ಮುದುಕಿ ನಿಮ್ಮ ಕಾಲ ಬುಡದಿಂದ ಏಳುವುದಿಲ್ಲ. ಸಾಯುವವರೆಗೂ ಗೇಟು ನೋಡುತ್ತಾ ಕೂರುತ್ತಾಳೆ, ನೀವು ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡು ತಿರುಗುತ್ತೀರಿ.

ಅದಕ್ಕೆ ನಿನ್ನೆ ಭಾನುವಾರ ಬೆಳಿಗ್ಗೆ, ಕರುಣಾಕರರಿಗೆ ಹೇಳಿ, ನಿಮ್ಮ ಹನ್ನೊಂದು ಪತ್ರಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ನಾನು ನಫೀಸಮ್ಮನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಸ್ಟಾಂಪು, ದಾದರ್, ಸ್ಟುಡಿಯೋ, ನಾನು ಓದಿದ ಸುಳ್ಳು ಸಾವು, ಬುಧವಾರ ಬಂದ ಪತ್ರ. ನೀವು ಉಸ್ಮಾನನನ್ನು ಎಂದೂ ಕಂಡೇ ಇಲ್ಲ ಎಂದೆ. ಆಕೆ ಅಕ್ಕಿ ಆರಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಆರಿಸುತ್ತಲೇ ಒಂದೇ ಒಂದು ಮಾತು ಕೇಳಿದರು.

“ಹಾಗಾದರೆ ನನ್ನ ಮಗ ಏನೂ ಕುಡಿಯದೆ ಹೋದನಾ?”

ಮನೆಗೆ ಹೋಗು ಎಂದರು. ಬಾಗಿಲ ತನಕ ಬಂದು, ಇನ್ನು ಈ ಮೆಟ್ಟಲು ಹತ್ತಬೇಡ ಎಂದೂ ಹೇಳಿದರು. ಸರಿಯಾಗಿಯೇ ಹೇಳಿದರು. ಮಧ್ಯಾಹ್ನ ಅವರ ಮನೆಗೆ ಮಸೀದಿಯ ಮುಸ್ಲಿಯಾರರು ಹೋದದ್ದನ್ನು ನೋಡಿದೆ. ಹನ್ನೆರಡೂವರೆ ವರ್ಷದ ಮೇಲೆ ಉಸ್ಮಾನನಿಗೆ ಫಾತಿಹಾ ಆಯಿತು.

ಅದಾದ ಮೇಲೆ ಯುವಕ ಮಂಡಲಕ್ಕೆ ಹೋಗಿ ನಿಮ್ಮ ಫೋಟೋವನ್ನು ನಾನೇ ಇಳಿಸಿದೆ. ಯಾಕೆ ಎಂದು ಕೇಳಿದವರಿಗೆ ಯಾಕೆ ಎಂದೂ ಹೇಳಿದೆ. ಈ ಹೊತ್ತಿಗೆ ಪಡುಬಿದ್ರಿಯವರೆಗೆ ಸುದ್ದಿ ಹೋಗಿರಬೇಕು. ನನ್ನ ಮುಖದ ಮೇಲೆ ಉಗುಳುವವರು ಉಗುಳಲಿ, ನಾನು ಮಾಡಿದ್ದಕ್ಕೆ ಅದು ಹೆಚ್ಚಲ್ಲ. ಇನ್ನು ನನ್ನನ್ನು ಹೆದರಿಸಲು ನಿಮ್ಮಲ್ಲಿ ಏನೂ ಉಳಿದಿಲ್ಲ. ಇದನ್ನು ಬರೆಯುವಾಗ ನನಗೆ ಆಗುತ್ತಿರುವ ಖುಷಿಯನ್ನು ನಿಮಗೆ ತಿಳಿಸದೆ ಇರಲಾರೆ.

ಪತ್ರಗಳನ್ನು ಕಳುಹಿಸುವುದಿಲ್ಲ. ಬರುವುದಾದರೆ ಬನ್ನಿ. ಉಚ್ಚಿಲದ ಸ್ಟಾಪಿನಲ್ಲಿ ಇಳಿದವರಿಗೆ ಮೊದಲು ಸಿಗುವುದು ಹೋಟೆಲು. ಅಲ್ಲಿಯ ಬೆಂಚಿನ ಮೇಲೆ ನಿಂತು ಹನ್ನೊಂದನ್ನೂ ಒಂದರಿಂದ ನಾನೇ ಓದುತ್ತೇನೆ, ಹಿಮದಿಂದ ಹಿಡಿದು ತೊಡೆಯ ಗಾಯದವರೆಗೆ. ಈ ಸಲ ತುಳುವಿಗೆ ಒಂದು ಅಕ್ಷರವೂ ತಪ್ಪದ ಹಾಗೆ ಹೇಳುತ್ತೇನೆ. ಪೇಪರಿನವರನ್ನೂ ಜೊತೆಗೆ ಕರೆತನ್ನಿ, ಅವರಿಗೆ ಬರೆದುಕೊಳ್ಳಲು ಸುಲಭವಾಗಲಿ.

ಇಂತು,
ನಿಮ್ಮನ್ನು ಒಮ್ಮೆ ಸಾಯಿಸಿದವಳು, ಇನ್ನೊಮ್ಮೆಗೂ ತಯಾರಿರುವವಳು
ರತ್ನಾವತಿ ಕರುಣಾಕರ

ತಾ.ಕ.: ತಾಯಿಗೆ ಮೆಲ್ಲಗೆ ತಿಳಿಸು ಎಂದು ಬರೆದಿದ್ದಿರಿ. ನಿನ್ನೆ ಸಾಯಂಕಾಲ ತಿಳಿಸಿದೆ. ನಿಮ್ಮ ಪತ್ರವನ್ನು ಇದ್ದಂತೆಯೇ ಓದಿದೆ, ಕೊನೆಯ ಪುಟದವರೆಗೂ. ನನಗೆ ಶಾಪ ಹಾಕುತ್ತಾರೆಂದು ಕಾದಿದ್ದೆ. ನೀವು ಸತ್ತಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತಂತೆ. ಆ ಜನವರಿಯಲ್ಲಿ ಕ್ಯಾಪ್ಟನ್ನಿನ ಪತ್ರ ಎಂದು ಓದುವಾಗ ನನ್ನ ಕಣ್ಣು ಕಾಗದದ ಮೇಲೆ ಓಡಲೇ ಇಲ್ಲವಂತೆ. ಆಗ ನನಗೆ ಒಂದು ವಿಷಯ ಹೊಳೆಯಿತು. ಪ್ರತಿ ಆಟಿ ತಿಂಗಳಲ್ಲಿ ಮನೆಯ ಸತ್ತವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ ಬಡಿಸುತ್ತೇವಲ್ಲ, ನಾನು ನಿಮ್ಮ ಹೆಸರಿನ ಎಲೆ ಹಾಕಿದಾಗಲೆಲ್ಲ ಅವರು ಅದನ್ನು ತೆಗೆದುಬಿಡುತ್ತಿದ್ದರು. ಎಳೆ ಪ್ರಾಯದವನು, ಅಪ್ಪನ ಎಲೆಯಲ್ಲೇ ಉಣ್ಣಲಿ ಎನ್ನುತ್ತಿದ್ದರು. ದುಃಖಕ್ಕೆ ಹಾಗೆ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ. ಬದುಕಿರುವ ಮಗನಿಗೆ ಆ ಎಲೆ ಹಾಕಿಸಲು ಅವರಿಗೆ ಹನ್ನೆರಡು ವರ್ಷ ಮನಸ್ಸು ಬಂದಿರಲಿಲ್ಲ. ನಿನ್ನೆ, ಉಸ್ಮಾನ್ ಇದ್ದಾನೆಂದು ನಫೀಸಮ್ಮನಿಗೆ ತಿಳಿಸು ಎಂಬ ನಿಮ್ಮ ಸಾಲನ್ನು ಎರಡನೇ ಸಲ ಓದಿಸಿ ಕೇಳಿದರು. ಬಾಯಿಯ ಎಲೆಯಡಿಕೆ ಉಗುಳಿ ಬಂದು ಕೂತರು. ಆಟಿಗೆ ಇನ್ನು ಒಂದು ವಾರ ಉಂಟಲ್ವಾ ಎಂದು ಕೇಳಿದರು. ಹೌದು ಎಂದೆ. “ಈ ಸಲ ಭೋಜನಿಗೂ ಒಂದು ಎಲೆ ಹಾಕು” ಎಂದರು.